ರೊಟ್ಟಿ ಸುಟ್ಟರೆ ‘ಬರ್ನ್’ ಆಗುವುದೇ? ಇಂಗ್ಲಿಷ್ ಅಡುಗೆಮನೆಯ ಕ್ರಿಯಾಪದಗಳ ಚರಿತ್ರೆ



ನಾನು ಕಲಿಸುವುದು ಉರ್ದು ಮತ್ತು ಕನ್ನಡ. ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದ ಒಂದು ದಿನ ಅವರ ಎಂಟನೇ ತರಗತಿ ನನ್ನ ಪಾಲಿಗೆ ಬಂತು. ‘ನನ್ನ ತಾಯಿ’ ಎಂಬ ವಿಷಯ ಕೊಟ್ಟು ಐದು ವಾಕ್ಯ ಬರೆಯಲು ಹೇಳಿದೆ. ಒಬ್ಬ ಹುಡುಗಿ ‘ಮೈ ಮದರ್ ಬರ್ನ್ಸ್ ರೊಟ್ಟಿ ಎವ್ರಿ ಮಾರ್ನಿಂಗ್’ ಎಂದು ಬರೆದಿದ್ದಳು. ಅದನ್ನು ಗಟ್ಟಿಯಾಗಿ ಓದಿದೆ. ತರಗತಿ ನಕ್ಕಿತು, ನಾನೂ ನಕ್ಕೆ, ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಆ ಹುಡುಗಿ ಮಾತ್ರ ತಲೆ ಎತ್ತಲಿಲ್ಲ. ಅವಳ ತಾಯಿ ಜೋಳದ ರೊಟ್ಟಿ ಮಾಡಿ ಮಾರಿ ಮನೆ ನಡೆಸುವವರೆಂದು ನನಗೆ ತಿಳಿದದ್ದು ಆಮೇಲೆ.

ಈಗ ನೀವೇ ಹೇಳಿ, ಅವಳ ತಪ್ಪಾದರೂ ಏನು? ನಾವು ರೊಟ್ಟಿ ಸುಡುತ್ತೇವೆ, ಹಪ್ಪಳ ಸುಡುತ್ತೇವೆ, ಬದನೆಕಾಯಿ ಸುಡುತ್ತೇವೆ, ಅವಸರವಾದರೆ ಕೈಯನ್ನೂ ಸುಟ್ಟುಕೊಳ್ಳುತ್ತೇವೆ. ಕನ್ನಡಕ್ಕೆ ಎಲ್ಲವೂ ‘ಸುಡು’. ಇಂಗ್ಲಿಷಿನಲ್ಲಿ ಹಪ್ಪಳ, ಬದನೆಕಾಯಿಗಳಿಗೆ ‘ರೋಸ್ಟ್’, ಕೈಗೆ ಮಾತ್ರ ‘ಬರ್ನ್’. ಇದರ ತಿರುಗುಮುರುಗೂ ಉಂಟು. ಶೇಂಗಾ ಹುರಿಯುವುದು ಬೇರೆ, ಬಜ್ಜಿ ಕರಿಯುವುದು ಬೇರೆ ಎಂದು ಕನ್ನಡ ಬಲ್ಲದು. ಉರ್ದುವಿನಲ್ಲೂ ‘ಭೂನ್‌ನಾ’ ಮತ್ತು ‘ತಲ್‌ನಾ’ ಬೇರೆ ಬೇರೆ. ನಮ್ಮ ಮಕ್ಕಳು ಎರಡಕ್ಕೂ ‘ಫ್ರೈ’ ಎಂದು ಬರೆದುಬಿಡುತ್ತಾರೆ. ಎಣ್ಣೆಯಿಲ್ಲದೆ ಹುರಿದ ಶೇಂಗಾ ‘ರೋಸ್ಟ್’ ಆಗಬೇಕು, ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದು ‘ಡೀಪ್ ಫ್ರೈ’.

ಇಂಗ್ಲಿಷಿಗೆ ಇಷ್ಟೊಂದು ಪದಗಳು ಎಲ್ಲಿಂದ ಬಂದವು ಎಂದು ಹುಡುಕಹೊರಟರೆ ಒಂದು ಯುದ್ಧಭೂಮಿಗೆ ಹೋಗಿ ನಿಲ್ಲುತ್ತೇವೆ. 1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಎಂಬಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ವಿಲಿಯಂ ಇಂಗ್ಲೆಂಡಿನ ರಾಜ ಹೆರಾಲ್ಡನನ್ನು ಸೋಲಿಸಿದ. ಆಮೇಲೆ ಅರಮನೆಯಲ್ಲೂ ನ್ಯಾಯಾಲಯದಲ್ಲೂ ಫ್ರೆಂಚ್ ಮಾತು ನಡೆಯಿತು. ನ್ಯಾಯಾಲಯದ ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂಬ ಕಾನೂನು ಬಂದದ್ದೇ 1362ರಲ್ಲಿ. ಸುಮಾರು ಮುನ್ನೂರು ವರ್ಷ ಒಡೆಯರ ಭಾಷೆ ಒಂದು, ಒಕ್ಕಲಿನ ಭಾಷೆ ಇನ್ನೊಂದು! ಕೊಟ್ಟಿಗೆಯ ದನ ಇಂಗ್ಲಿಷಿನ ‘ಆಕ್ಸ್’ ಆಗಿ ಉಳಿಯಿತು, ತಟ್ಟೆಗೆ ಬಂದ ಮಾಂಸ ಫ್ರೆಂಚಿನ ‘ಬೀಫ್’ ಆಯಿತು ಎಂಬ ಮಾತನ್ನು ವಾಲ್ಟರ್ ಸ್ಕಾಟ್ ತಮ್ಮ 1819ರ ‘ಐವನ್‌ಹೋ’ ಕಾದಂಬರಿಯಿಂದ ಜನಪ್ರಿಯಗೊಳಿಸಿದರು. ಅದು ಬಹಳ ಜನ ಬಲ್ಲ ಕಥೆ. ಆದರೆ ಒಲೆಯ ಮೇಲಿನ ಕ್ರಿಯಾಪದಗಳ ಗತಿಯೂ ಅದೇ ಆಯಿತೆಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ.

‘ಬಾಯ್ಲ್’, ‘ರೋಸ್ಟ್’, ‘ಫ್ರೈ’, ‘ಸ್ಟ್ಯೂ’, ‘ಟೋಸ್ಟ್’ ಎಲ್ಲವೂ ಫ್ರೆಂಚಿನಿಂದ ಬಂದವು. ‘ಬಾಯ್ಲ್’ ಪದದ ಬೇರು ಲ್ಯಾಟಿನ್ನಿನಲ್ಲಿ ಗುಳ್ಳೆ ಎಂಬರ್ಥದ ಪದದಲ್ಲಿದೆ, ಆದ್ದರಿಂದ ಗುಳ್ಳೆ ಏಳುವಂತೆ ಕುದಿದರೆ ಮಾತ್ರ ಅದು ‘ಬಾಯ್ಲ್’. ಸಣ್ಣ ಉರಿಯಲ್ಲಿ ಗುಳ್ಳೆ ಎದ್ದೂ ಏಳದಂತಿದ್ದರೆ ‘ಸಿಮ್ಮರ್’. ‘ಸ್ಟ್ಯೂ’ ಮೊದಲಿಗೆ ಬಿಸಿನೀರಿನ ಸ್ನಾನಕ್ಕೆ ಸಂಬಂಧಿಸಿದ ಪದವಾಗಿತ್ತು ಎಂದರೆ ನೀವು ನಗಬಹುದು. ತರಕಾರಿ ಬಾಡಿಸುವುದಕ್ಕೆ ಈಗ ಬಳಸುವ ‘ಸೊತೆ’ ಬಹಳ ತಡವಾಗಿ, 19ನೇ ಶತಮಾನದಲ್ಲಿ ಬಂದ ಫ್ರೆಂಚ್ ಪದ. ಅದರ ಮೂಲಾರ್ಥ ನೆಗೆಯುವುದು. ಬಾಣಲೆಯಲ್ಲಿ ಹೋಳುಗಳು ನೆಗೆಯುತ್ತವಲ್ಲ, ಹಾಗೆ.

ಹಾಗಾದರೆ ಇಂಗ್ಲಿಷರ ಸ್ವಂತ ಪದಗಳು ಎಲ್ಲಿ ಹೋದವು? ಕುದಿಸುವುದಕ್ಕೆ ಅವರಲ್ಲಿ ‘ಸೀದ್’ ಎಂಬ ಹಳೆಯ ಪದವಿತ್ತು. 1611ರ ಇಂಗ್ಲಿಷ್ ಬೈಬಲ್ ಅನುವಾದದಲ್ಲೂ ಅದು ಅಡುಗೆಯ ಅರ್ಥದಲ್ಲೇ ಇದೆ. ಆಮೇಲೆ ಆ ಪದ ಅಡುಗೆಮನೆ ಬಿಟ್ಟುಹೋಯಿತು. ಇಂದು ಯಾರಾದರೂ ‘ಸೀದ್’ ಆಗುತ್ತಿದ್ದಾರೆ ಎಂದರೆ ಒಳಗೊಳಗೇ ಸಿಟ್ಟಿನಿಂದ ಕುದಿಯುತ್ತಿದ್ದಾರೆ ಎಂದರ್ಥ. (ನಮ್ಮಲ್ಲೂ ಹೊಟ್ಟೆ ಕುದಿಯುತ್ತದೆ, ಆದರೆ ನಾವು ಸಾರು ಕುದಿಸುವುದನ್ನು ಬಿಟ್ಟಿಲ್ಲ.) ಒಡೆಯರ ಪದಗಳ ನಡುವೆ ಗಟ್ಟಿಯಾಗಿ ಉಳಿದುಕೊಂಡ ಹಳೆಯ ಇಂಗ್ಲಿಷ್ ಕ್ರಿಯಾಪದ ‘ಬೇಕ್’. ರೊಟ್ಟಿ ಬ್ರೆಡ್ಡು ಬಡವನ ಮನೆಯಲ್ಲೂ ಆಗಲೇಬೇಕಲ್ಲವೇ? ಅದಕ್ಕೇ ಉಳಿಯಿತೆಂದು ನನ್ನ ಊಹೆ.

ಪದ ಸಾಲದೇ ಬಂದಾಗ ಇಂಗ್ಲಿಷರು ನಮ್ಮ ಬಾಗಿಲಿಗೂ ಬಂದಿದ್ದಾರೆ. 1670ರ ದಶಕದಲ್ಲಿ ಜಾನ್ ಫ್ರೈಯರ್ ಎಂಬ ಇಂಗ್ಲಿಷ್ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ಕೆಲಸದ ಮೇಲೆ ಸೂರತ್, ಮುಂಬಯಿಗಳಲ್ಲಿದ್ದ. ನಮ್ಮ ಕಾರವಾರ, ಗೋಕರ್ಣಗಳನ್ನೂ ಕಂಡ. 1698ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಬೆಣ್ಣೆ ಮಸಾಲೆ ಹಾಕಿ ಬೇಯಿಸಿದ ಮಾಂಸಕ್ಕೆ ‘ಡಂಪೋಕ್ಡ್’ ಎಂಬ ಪದವಿದೆ. ಏನಿದು ಎಂದು ಹುಬ್ಬೇರಿಸಬೇಡಿ, ಇದು ನಮ್ಮ ‘ದಮ್ ಪುಖ್ತ್’! ಫಾರಸಿಯಲ್ಲಿ ‘ದಮ್’ ಎಂದರೆ ಉಸಿರು, ‘ಪುಖ್ತ್’ ಎಂದರೆ ಬೆಂದದ್ದು. ಮುಚ್ಚಳಕ್ಕೆ ಹಿಟ್ಟು ಮೆತ್ತಿ ಹಬೆ ಹೊರಹೋಗದಂತೆ ಬೇಯಿಸುವ ಕ್ರಮಕ್ಕೆ ತನ್ನ ಭಾಷೆಯಲ್ಲಿ ತಕ್ಕ ಪದ ಸಿಗದೆ ಅವನು ಫಾರಸಿ ಪದಕ್ಕೇ ಇಂಗ್ಲಿಷಿನ ಭೂತಕಾಲದ ಬಾಲ ಅಂಟಿಸಿದ. ಯೂಲ್ ಮತ್ತು ಬರ್ನೆಲ್ ಎಂಬುವರ 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಈ ಪದ ದಾಖಲಾಗಿದೆ. ಅಂದಹಾಗೆ, ನಾವು ದಮ್ ಕೊಟ್ಟು ಮಾಡುವ ಬಿರಿಯಾನಿಯ ಹೆಸರು ಬಂದದ್ದು ಹುರಿದದ್ದು ಎಂಬರ್ಥದ ಫಾರಸಿಯ ‘ಬಿರಿಯಾನ್’ ಪದದಿಂದ. ಹೆಸರೊಂದು, ಮಾಡುವ ಕ್ರಮ ಇನ್ನೊಂದು. ನಾವೂ ಏನು ಕಡಿಮೆಯಿಲ್ಲ.

ಮುಂದಿನ ವಾರ ಆ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ಪದ ಆರಿಸುವ ಮೊದಲು ಪಾತ್ರೆಯೊಳಗೆ ಇರುವುದು ನೀರೋ, ಹಬೆಯೋ, ಎಣ್ಣೆಯೋ, ಬರಿಯ ಬಿಸಿಯೋ ನೋಡಿ ಎಂದೆ. ಇಡ್ಲಿ ‘ಬಾಯ್ಲ್’ ಅಲ್ಲ, ‘ಸ್ಟೀಮ್’. ಹಂಚಿನ ಮೇಲಿನ ರೊಟ್ಟಿಗೆ ‘ಬೇಕ್’ ಎನ್ನಿ ಎಂದೆ. ಆಗ ಆ ಹುಡುಗಿ ಮೊದಲ ಬಾರಿಗೆ ಕೈ ಎತ್ತಿದಳು.

“ಟೀಚರ್, ಬೇಕ್ ಅಂದ್ರೆ ಓವನ್‌ನಾಗ ಮಾಡೂದು ಅಂತ ಪುಸ್ತಕದಾಗ ಐತ್ರಿ. ನಮ್ಮನ್ಯಾಗ ಓವನ್ ಇಲ್ಲರೀ.”

ಉತ್ತರ ತಕ್ಷಣ ಹೊಳೆಯಲಿಲ್ಲ. ಮನೆಗೆ ಹೋಗಿ ದೊಡ್ಡ ನಿಘಂಟು ತೆಗೆದೆ. ‘ಬೇಕ್’ ಎಂದರೆ ಒಣ ಬಿಸಿಯಲ್ಲಿ ಬೇಯಿಸುವುದು, ಮುಚ್ಚಿದ ಒಲೆಯೊಳಗಾದರೂ ಸರಿ, ಕಾದ ಕಲ್ಲಿನ ಮೇಲಾದರೂ ಸರಿ. ಉತ್ತರ ಇಂಗ್ಲೆಂಡಿನಲ್ಲೂ ವೇಲ್ಸ್‌ನಲ್ಲೂ ರೊಟ್ಟಿಯಂಥವನ್ನು ಬೇಯಿಸುವ ಹಂಚಿಗೆ ‘ಬೇಕ್‌ಸ್ಟೋನ್’ ಎಂದೇ ಹೆಸರು. ಮರುದಿನ ಅವಳ ಪುಸ್ತಕ ತರಿಸಿಕೊಂಡು ‘ಬರ್ನ್ಸ್’ ಇದ್ದ ಕಡೆ ‘ಬೇಕ್ಸ್’ ಎಂದು ನಾನೇ ಬರೆದೆ, ಹಂಚಿನ ಮೇಲೆ ಎಂಬರ್ಥದ ಎರಡು ಪದ ಸೇರಿಸಲು ಅವಳಿಗೆ ಹೇಳಿದೆ, ಕಳೆದಿದ್ದ ಅಂಕವನ್ನೂ ಕೊಟ್ಟೆ. ಆಮೇಲೆ ಅವಳ ವಾಕ್ಯವನ್ನು ತರಗತಿಯಲ್ಲಿ ಇನ್ನೊಮ್ಮೆ ಗಟ್ಟಿಯಾಗಿ ಓದಿದೆ.