ಎಬಿಎಲ್ ಪ್ರೋಟೀನು: ರಚನೆ, ಕೆಲಸ ಮತ್ತು ರಕ್ತದ ಕ್ಯಾನ್ಸರ್ ನಂಟು

ಎಬಿಎಲ್ ಎಂಬುದು ಮನುಷ್ಯನ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇರುವ ಒಂದು ಪ್ರೋಟೀನು. ಬೆಳೆಯಬೇಕೇ, ಎರಡಾಗಬೇಕೇ, ಸುಮ್ಮನಿರಬೇಕೇ ಎಂಬ ಸುದ್ದಿಯನ್ನು ಜೀವಕೋಶದೊಳಗೆ ಮುಟ್ಟಿಸುವ ಪ್ರೋಟೀನುಗಳ ದೊಡ್ಡ ಬಳಗಕ್ಕೆ ಸೇರಿದ್ದು. ಇದು ಕೆಟ್ಟರೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಬರುತ್ತದೆ.

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯವರು ದೊಡ್ಡ ಕಾಯಿಲೆ ಎಂದರೆ ರಾಯಚೂರಿಗೋ ಹೈದರಾಬಾದಿಗೋ ಹೋಗುವುದು ರೂಢಿ. ಅಲ್ಲಿ ಕೊಡುವ ರಿಪೋರ್ಟಿನಲ್ಲಿ 'ಬಿಸಿಆರ್-ಎಬಿಎಲ್ ಪಾಸಿಟಿವ್' ಅಥವಾ 'ಪಿಎಚ್ ಪಾಸಿಟಿವ್' ಎಂದು ಬರೆದಿದ್ದರೆ ಅದು ಈ ಪ್ರೋಟೀನಿನ ಮಾತೇ. ಕನ್ನಡ, ತೆಲುಗು ಎರಡೂ ಬಲ್ಲವರಿಗೂ ಆ ಇಂಗ್ಲಿಷ್ ಅಕ್ಷರಗಳು ಏನೂ ಹೇಳುವುದಿಲ್ಲ. ಆದರೆ ರೋಗಿ ಮಾತ್ರೆಯನ್ನು ಏಕೆ ಬಿಡಬಾರದು ಎಂಬುದಕ್ಕೆ ಉತ್ತರ ಅವುಗಳಲ್ಲೇ ಇದೆ.

ಜೂರಾಲ ಗೇಟಿನಂತೆ

ಕೃಷ್ಣೆಗೆ ನೀರು ಬಿಟ್ಟಿರುವ ಸುದ್ದಿ ಮೇಲಿನ ನಾರಾಯಣಪುರ ಅಣೆಕಟ್ಟಿನಿಂದ ಬಂದರೆ ಜೂರಾಲದಲ್ಲಿ ಗೇಟು ಎತ್ತುತ್ತಾರೆ. ಒಳಹರಿವು ಇಳಿದರೆ ಗೇಟು ಕೆಳಗೆ. ಜೀವಕೋಶದ ಆಡಳಿತವೂ ಹೆಚ್ಚು ಕಡಿಮೆ ಹೀಗೆಯೇ. ಹೊರಗಿನಿಂದ ಬಂದ ಸುದ್ದಿ ಒಂದು ಪ್ರೋಟೀನಿನಿಂದ ಮತ್ತೊಂದಕ್ಕೆ ದಾಟುತ್ತಾ ಹೋಗಿ, ಕೊನೆಗೆ ಜೀವಕೋಶ ಬೆಳೆಯುತ್ತದೆ ಇಲ್ಲವೇ ನಿಲ್ಲುತ್ತದೆ.

ಎಬಿಎಲ್ ಈ ಸುದ್ದಿಯನ್ನು ದಾಟಿಸುವುದು ಫಾಸ್ಫೇಟ್ ಎಂಬ ಪುಟ್ಟ ತುಣುಕಿನ ಮೂಲಕ. ಎಟಿಪಿ ಎಂಬ ಶಕ್ತಿಯ ಕಣದಿಂದ ಫಾಸ್ಫೇಟನ್ನು ಕಿತ್ತು, ಇನ್ನೊಂದು ಪ್ರೋಟೀನಿನಲ್ಲಿರುವ ಟೈರೋಸಿನ್ ಎಂಬ ಜಾಗಕ್ಕೆ ಅಂಟಿಸುತ್ತದೆ. ಅಂಟಿಸಿಕೊಂಡ ಪ್ರೋಟೀನು ಎಚ್ಚರಗೊಂಡು ತನ್ನ ಕೆಲಸ ಶುರುಮಾಡುತ್ತದೆ. ಇಂಥ ಕೆಲಸ ಮಾಡುವ ಪ್ರೋಟೀನುಗಳಿಗೆ ಟೈರೋಸಿನ್ ಕೈನೇಸ್ ಎಂದು ಹೆಸರು. ಎಬಿಎಲ್ ಎಂಬ ಮೂರಕ್ಷರ ಬಂದದ್ದು ಹರ್ಬರ್ಟ್ ಏಬಲ್‌ಸನ್ ಎಂಬ ಅಮೆರಿಕದ ವೈದ್ಯರಿಂದ. 1970ರಲ್ಲಿ ಅವರು ವಿವರಿಸಿದ, ಇಲಿಗಳಿಗೆ ರಕ್ತದ ಕ್ಯಾನ್ಸರ್ ತರುವ ವೈರಸ್ಸಿನಲ್ಲಿ ಈ ಜೀನು ಮೊದಲು ಸಿಕ್ಕಿತು.

ರಚನೆ

ಎಬಿಎಲ್ ಸುಮಾರು 1,130 ಅಮೈನೋ ಆಮ್ಲಗಳ ಉದ್ದದ ಸರಪಳಿ. ಅದು ಸುತ್ತಿ ಮಡಚಿಕೊಂಡು ಕೆಲವು ಗಂಟುಗಳಾಗಿರುತ್ತದೆ. ಮುಂದಿನ ಎರಡು ಗಂಟುಗಳಿಗೆ ಎಸ್‌ಎಚ್3, ಎಸ್‌ಎಚ್2 ಎಂದು ಹೆಸರು. ಅವುಗಳ ಹಿಂದೆ ಫಾಸ್ಫೇಟ್ ಅಂಟಿಸುವ ಮುಖ್ಯ ಗಂಟು, ಅಂದರೆ ಕೈನೇಸ್ ಭಾಗ. ಅದರ ಹಿಂದೆ ಉದ್ದನೆಯ ಬಾಲ.

ಇದರ ಸ್ವಾರಸ್ಯವೆಲ್ಲ ಇರುವುದು ಚಿಲಕದಲ್ಲಿ. ಪ್ರೋಟೀನಿನ ಒಂದು ರೂಪದಲ್ಲಿ ತೀರ ತುದಿಗೆ ಮಿರಿಸ್ಟೇಟ್ ಎಂಬ ಕೊಬ್ಬಿನ ಸಣ್ಣ ಎಳೆಯೊಂದು ಅಂಟಿಕೊಂಡಿರುತ್ತದೆ. ಆ ಎಳೆ ಬಾಗಿ ಬಂದು ಕೈನೇಸ್ ಭಾಗದ ಬುಡದ ಕುಳಿಯೊಳಗೆ ಸೇರಿಕೊಳ್ಳುತ್ತದೆ. ಆಗ ಎಸ್‌ಎಚ್2, ಎಸ್‌ಎಚ್3 ಎರಡೂ ಬೆನ್ನ ಹಿಂದಿನಿಂದ ಒತ್ತಿ ಹಿಡಿಯುತ್ತವೆ. ಗೇಟು ಬಂದ್. ಕರೆ ಬಂದಾಗ ಚಿಲಕ ಸಡಿಲಗೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಮತ್ತೆ ಬೀಳುತ್ತದೆ. 2003ರಲ್ಲಿ ಈ ಚಿಲಕದ ಚಿತ್ರವನ್ನು ಪರಮಾಣು ಮಟ್ಟದಲ್ಲಿ ತೆಗೆದವರಲ್ಲಿ ಜಾನ್ ಕುರಿಯನ್ ಅವರ ತಂಡವೂ ಇತ್ತು. ಹುಟ್ಟಿನಿಂದ ಭಾರತದವರಾದ ಅವರು ಅಮೆರಿಕದಲ್ಲಿ ಹೆಸರು ಮಾಡಿದ ವಿಜ್ಞಾನಿ.

ಕೆಡುವುದು ಹೇಗೆ?

ಗದ್ವಾಲ್ ಸೀರೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಒಡಲು ಹತ್ತಿಯದು, ಅಂಚು-ಸೆರಗು ರೇಷ್ಮೆಯವು. ನೇಕಾರ ಎರಡನ್ನೂ ಎಳೆಗೆ ಎಳೆ ಕೂಡಿಸುತ್ತಾನೆ. ಅವನದು ಬೇಕೆಂದೇ ಮಾಡಿದ ಕೂಡಿಕೆ. ಸಿಎಂಎಲ್‌ನಲ್ಲಿ ಆಗುವುದು ಬೇಡದ ಕೂಡಿಕೆ. ಎಲುಬಿನ ಮಜ್ಜೆಯ ಯಾವುದೋ ಒಂದು ಜೀವಕೋಶದಲ್ಲಿ 9ನೇ ಕ್ರೋಮೋಸೋಮಿನ ತುಂಡು, 22ನೇ ಕ್ರೋಮೋಸೋಮಿನ ತುಂಡು ಅದಲುಬದಲಾಗುತ್ತವೆ. 9ರಲ್ಲಿದ್ದ ಎಬಿಎಲ್ ಜೀನು ಹೋಗಿ 22ರಲ್ಲಿರುವ ಬಿಸಿಆರ್ ಜೀನಿಗೆ ಅಂಟಿಕೊಳ್ಳುತ್ತದೆ. ಹುಟ್ಟುವುದು ಬಿಸಿಆರ್-ಎಬಿಎಲ್ ಎಂಬ ಜೋಡು ಪ್ರೋಟೀನು.

ಈ ಅದಲುಬದಲಿನಲ್ಲಿ ಎಬಿಎಲ್‌ನ ತುದಿ ಕತ್ತರಿಸಿಹೋಗುತ್ತದೆ. ಅಂದರೆ ಚಿಲಕವೇ ಹೋಯಿತು. ಅದರ ಜಾಗಕ್ಕೆ ಬಂದ ಬಿಸಿಆರ್ ಭಾಗವೋ ನಾಲ್ಕು ನಾಲ್ಕು ಪ್ರೋಟೀನುಗಳನ್ನು ಒಟ್ಟಿಗೆ ಹೆಣೆದು ಒಂದನ್ನೊಂದು ಕೆರಳಿಸುತ್ತದೆ. ಗೇಟು ಸದಾ ತೆರೆದೇ ಇರುತ್ತದೆ. ಬಿಳಿ ರಕ್ತಕಣಗಳು ಬೇಕಿರಲಿ ಬೇಡವಿರಲಿ ಹುಟ್ಟುತ್ತಲೇ ಹೋಗುತ್ತವೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಇರುವ ಬಿಳಿ ಕಣಗಳು ಲಕ್ಷ ದಾಟುವುದುಂಟು.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಊರಿನಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳಲ್ಲಿ ಒಂದು ಮೋಟು ಕ್ರೋಮೋಸೋಮನ್ನು ಕಂಡರು. ರಿಪೋರ್ಟಿನ 'ಪಿಎಚ್' ಆ ಊರಿನ ಹೆಸರೇ. ಅದು ಎರಡು ಕ್ರೋಮೋಸೋಮುಗಳ ತುಂಡುಬದಲು ಎಂದು 1973ರಲ್ಲಿ ತೋರಿಸಿದವರು ಷಿಕಾಗೋದ ಜಾನೆಟ್ ರೌಲಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಈ ಕೂಡಿಕೆ ಹುಟ್ಟಿದ ಮೇಲೆ, ಒಂದೇ ಒಂದು ಮಜ್ಜೆಯ ಕೋಶದಲ್ಲಿ ಆಗುವಂಥದ್ದು. ತಂದೆ ತಾಯಿಯಿಂದ ಬರುವುದಿಲ್ಲ, ಮಕ್ಕಳಿಗೆ ಹೋಗುವುದಿಲ್ಲ. ಅಂಟುರೋಗವೂ ಅಲ್ಲ. ಒಟ್ಟಿಗೆ ಊಟ ಮಾಡಿದರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಮನೆಯಲ್ಲೊಬ್ಬರಿಗೆ ಇದೆ ಎಂದು ಸಂಬಂಧ ಮುರಿಯುವುದಕ್ಕೆ ಯಾವ ಆಧಾರವೂ ಇಲ್ಲ. ಅಣುಬಾಂಬಿನಂಥ ತೀವ್ರ ವಿಕಿರಣಕ್ಕೆ ಸಿಕ್ಕವರಲ್ಲಿ ಹೆಚ್ಚಾದದ್ದು ಬಿಟ್ಟರೆ, ಹೆಚ್ಚಿನ ರೋಗಿಗಳಲ್ಲಿ ಕಾರಣ ಹೇಳಲಾಗುವುದಿಲ್ಲ.

ಪಶ್ಚಿಮ ದೇಶಗಳಲ್ಲಿ ಇದು ವಯಸ್ಸಾದವರ ರೋಗ. ಭಾರತದ ಆಸ್ಪತ್ರೆಗಳಿಗೆ ಬರುವವರು ಬಹುಪಾಲು 40ರ ಆಸುಪಾಸಿನವರು, ದುಡಿಯುವ ವಯಸ್ಸಿನವರು. ಸುಸ್ತು, ತೂಕ ಇಳಿಯುವುದು, ರಾತ್ರಿ ಬೆವರು, ಎಡಪಕ್ಕೆಯ ಕೆಳಗೆ ಗುಲ್ಮ ದಪ್ಪಗಾಗಿ ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಲಕ್ಷಣಗಳು. ಎಷ್ಟೋ ಜನರಿಗೆ ಏನೂ ಅನಿಸಿರುವುದಿಲ್ಲ. ಬೇರೆ ಯಾವುದಕ್ಕೋ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ (ಹೈದರಾಬಾದಿನಲ್ಲಿ ಸಿಬಿಪಿ ಎನ್ನುತ್ತಾರೆ, ಕರ್ನಾಟಕದಲ್ಲಿ ಸಿಬಿಸಿ, ಎರಡೂ ಒಂದೇ) ಸಿಕ್ಕಿಬೀಳುತ್ತದೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಕೆಲವು ವರ್ಷ ನಿಧಾನವಾಗಿದ್ದು ಆಮೇಲೆ ಏಕಾಏಕಿ ಉಗ್ರವಾಗುತ್ತದೆ.

ಮಾತ್ರೆ ಮತ್ತು ಅದರ ಬೆಲೆ

ಇಮ್ಯಾಟಿನಿಬ್ ಎಂಬ ಮಾತ್ರೆ ಎಟಿಪಿ ಕೂರುವ ಕುಳಿಗೇ ಹೋಗಿ ಕೂರುತ್ತದೆ. ಪ್ರೋಟೀನು ಕೆಲಸವಿಲ್ಲದ ಭಂಗಿಯಲ್ಲಿದ್ದಾಗ ಹಿಡಿದು ಅಲ್ಲೇ ಕಟ್ಟಿಹಾಕುತ್ತದೆ. ಇದನ್ನು 2000ದಲ್ಲಿ ತೋರಿಸಿದ್ದೂ ಕುರಿಯನ್ ಅವರ ತಂಡವೇ. ನೊವಾರ್ಟಿಸ್ ಕಂಪನಿಯ ಈ ಔಷಧಿಗೆ ಅಮೆರಿಕದಲ್ಲಿ 2001ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು. ಈ ಮಾತ್ರೆಯಿಂದ ಚಿಕಿತ್ಸೆ ಶುರುಮಾಡಿದವರ ದೊಡ್ಡ ಅಧ್ಯಯನವೊಂದರಲ್ಲಿ ಹತ್ತು ವರ್ಷದ ಬಳಿಕವೂ ನೂರಕ್ಕೆ 83 ಮಂದಿ ಬದುಕಿದ್ದರು. ಅದಕ್ಕೂ ಮೊದಲಿನ ಕಾಲದಲ್ಲಿ ಇದು ಊಹೆಗೂ ನಿಲುಕದ ಸಂಗತಿ.

ಬೆಲೆಯ ಕಥೆ ಮಾತ್ರ ನಮ್ಮ ಕಡೆಯದು. ನೊವಾರ್ಟಿಸ್‌ನ ಗ್ಲಿವೆಕ್‌ಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಆಗುತ್ತಿತ್ತು. ಕಂಪನಿಯ ನೆರವಿನ ಯೋಜನೆಯಲ್ಲಿ ಹಲವರಿಗೆ ಉಚಿತವಾಗಿ ಸಿಗುತ್ತಿತ್ತು ಎಂಬುದನ್ನೂ ಹೇಳಬೇಕು. ಹೈದರಾಬಾದಿನ ನ್ಯಾಟ್ಕೋ ಫಾರ್ಮಾ ಮೊದಲಾದ ಭಾರತದ ಕಂಪನಿಗಳು ಅದೇ ಮಾತ್ರೆಯನ್ನು ತಿಂಗಳಿಗೆ 8,000ದಿಂದ 10,000 ರೂಪಾಯಿಗೆ ಕೊಟ್ಟವು. ನ್ಯಾಟ್ಕೋದ್ದು ವೀನಾಟ್ ಎಂಬ ಹೆಸರಿನದು. ಗದ್ವಾಲಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಕೊತ್ತೂರಿನಲ್ಲಿ ಈ ಕಂಪನಿಯ ಕಾರ್ಖಾನೆ ಇದೆ. 2016ರಲ್ಲಿ ಜಿಲ್ಲೆಗಳು ಒಡೆಯುವವರೆಗೆ ಅದೂ ಮಹಬೂಬನಗರ ಜಿಲ್ಲೆಯೇ.

ಔಷಧಿಯ ಒಂದು ಹರಳಿನ ರೂಪಕ್ಕೆ ಪೇಟೆಂಟ್ ಬೇಕೆಂದು ನೊವಾರ್ಟಿಸ್ 1998ರಲ್ಲಿ ಚೆನ್ನೈ ಕಚೇರಿಗೆ ಅರ್ಜಿ ಹಾಕಿತ್ತು. ನ್ಯಾಟ್ಕೋ ಮತ್ತು ಕ್ಯಾನ್ಸರ್ ರೋಗಿಗಳ ಸಂಘಟನೆ ತಕರಾರು ತೆಗೆದವು. 2006ರ ಜನವರಿಯಲ್ಲಿ ಅರ್ಜಿ ತಿರಸ್ಕಾರವಾಯಿತು. ವ್ಯಾಜ್ಯ ಮೇಲೇರಿ, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕೂಡ ಪೇಟೆಂಟ್ ಇಲ್ಲ ಎಂದಿತು. ಹಳೆಯ ಔಷಧಿಯ ಹೊಸ ರೂಪ ರೋಗಿಗೆ ಹೆಚ್ಚು ಗುಣ ಕೊಡುವುದೆಂದು ತೋರಿಸದೆ ಪೇಟೆಂಟ್ ಕೇಳುವಂತಿಲ್ಲ ಎಂಬುದು ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಸಾರ. ಆ ತೀರ್ಪು ಬೇರೆ ಆಗಿದ್ದರೆ ಸಣ್ಣ ಹಿಡುವಳಿಯ ರೈತನ ಮನೆಯಲ್ಲಿ ಈ ಮಾತ್ರೆಯ ಮಾತೇ ಬರುತ್ತಿರಲಿಲ್ಲ.

ಬಿಟ್ಟರೆ ಏನಾಗುತ್ತದೆ?

ಮಾತ್ರೆ ಶುರುವಾಗಿ ಎರಡು ಮೂರು ತಿಂಗಳಿಗೆ ಬಿಳಿ ಕಣಗಳ ಲೆಕ್ಕ ಸರಿಹೋಗುತ್ತದೆ, ಗುಲ್ಮ ಕುಗ್ಗುತ್ತದೆ, ಹೊಲದ ಕೆಲಸಕ್ಕೆ ಹೋಗುವಷ್ಟು ಶಕ್ತಿ ಬರುತ್ತದೆ. ಎಷ್ಟೋ ಮಂದಿ 'ಆರಾಮಾಯ್ತು' ಎಂದು ನಿಲ್ಲಿಸುವುದು ಆಗಲೇ. ಆದರೆ ಮಾತ್ರೆ ಆ ಕೂಡಿಕೆಯನ್ನು ಬಿಡಿಸುವುದಿಲ್ಲ. ತೆರೆದ ಗೇಟಿಗೆ ಕಲ್ಲು ಅಡ್ಡ ಇಟ್ಟಂತೆ ಕುಳಿಯನ್ನು ಮುಚ್ಚುತ್ತದೆ, ಅಷ್ಟೇ. ಕಲ್ಲು ತೆಗೆದರೆ ನೀರು ಮತ್ತೆ ನುಗ್ಗುತ್ತದೆ. ದಿನ ಬಿಟ್ಟು ದಿನ ನುಂಗುವುದೂ ಅಪಾಯವೇ. ಪೂರ್ತಿ ಹತೋಟಿಗೆ ಬಾರದೆ ಉಳಿದ ಕೋಶಗಳಲ್ಲಿ ಪ್ರೋಟೀನಿನ ಆಕಾರ ಬದಲಾಗಿ ಮಾತ್ರೆಗೆ ಬಗ್ಗದಂತಾಗಬಹುದು.

ಅಂಥ ಬದಲಾವಣೆಗಳಲ್ಲಿ ಹೆಸರಾದದ್ದು 315ನೇ ಅಮೈನೋ ಆಮ್ಲದ್ದು. ಅಲ್ಲಿ ಥ್ರಿಯೋನಿನ್ ಬದಲು ಐಸೋಲ್ಯೂಸಿನ್ ಬಂದರೆ ಕುಳಿಯ ಬಾಯಿ ಇಕ್ಕಟ್ಟಾಗಿ ಇಮ್ಯಾಟಿನಿಬ್ ಮಾತ್ರವಲ್ಲ, ಅದರ ನಂತರ ಬಂದ ಡಾಸಾಟಿನಿಬ್, ನಿಲೋಟಿನಿಬ್ ಕೂಡ ಹಿಡಿಯುವುದಿಲ್ಲ. ಪೊನಾಟಿನಿಬ್ ಹಿಡಿಯುತ್ತದೆ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆಸಿಮಿನಿಬ್ ದಾರಿಯೇ ಬೇರೆ. ಚಿಲಕದ ಕೊಬ್ಬಿನ ಎಳೆ ಕೂರಬೇಕಿದ್ದ, ಈಗ ಖಾಲಿ ಬಿದ್ದಿರುವ ಆ ಬುಡದ ಕುಳಿಗೆ ಹೋಗಿ ಕೂರುತ್ತದೆ. ಕಳೆದುಹೋದ ಚಿಲಕಕ್ಕೆ ಬದಲಿ ಚಿಲಕ.

ರೂಢಿಯ ಪ್ರಮಾಣ ದಿನಕ್ಕೆ 400 ಮಿಲಿಗ್ರಾಂ ಇಮ್ಯಾಟಿನಿಬ್. ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ ತೆಗೆದುಕೊಳ್ಳಬೇಕು. ಕಣ್ಣಿನ ಸುತ್ತ ಊತ, ಕಾಲು ಸೆಳೆತ, ವಾಕರಿಕೆ ಬರಬಹುದು. ಕೆಲವರ ಮೈಬಣ್ಣ ತಿಳಿಯಾಗುತ್ತದೆ. ಅದು ತೊನ್ನು ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿರುವ ಕಿಟ್ ಎಂಬ ಮತ್ತೊಂದು ಕೈನೇಸನ್ನೂ ಈ ಮಾತ್ರೆ ತಡೆಯುವುದರಿಂದ ಹಾಗಾಗುತ್ತದೆ. ನಾಟಿ ಔಷಧಿ ನಡೆಯುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಮಾತ್ರೆ ನಡೆಯುತ್ತಿರುವಾಗ ಹೆಣ್ಣುಮಕ್ಕಳು ಗರ್ಭಿಣಿಯಾಗಬಾರದು. ಮಗು ಬೇಕೆನ್ನುವವರು ಮೊದಲೇ ವೈದ್ಯರ ಜೊತೆ ಮಾತಾಡಿದರೆ ದಾರಿಗಳಿವೆ.

ರಕ್ತದಲ್ಲಿ ಬಿಸಿಆರ್-ಎಬಿಎಲ್ ಎಷ್ಟು ಉಳಿದಿದೆ ಎಂದು ಅಳೆಯುವುದು ಪಿಸಿಆರ್ ಪರೀಕ್ಷೆ. ಮೊದಲಿಗೆ ಮೂರು ತಿಂಗಳಿಗೊಮ್ಮೆ ಮಾಡಿಸುತ್ತಾರೆ. ಮೂರು ತಿಂಗಳಿಗೆ ಶೇ. 10ಕ್ಕಿಂತ, ಒಂದು ವರ್ಷಕ್ಕೆ ಶೇ. 0.1ಕ್ಕಿಂತ ಕೆಳಗೆ ಇಳಿಯಬೇಕೆಂಬುದು ಗುರಿ. ಹಲವು ವರ್ಷ ಮಾತ್ರೆ ನುಂಗಿ, ಪ್ರೋಟೀನಿನ ಸುಳಿವು ಕಾಣದ ಮಟ್ಟದಲ್ಲೇ ಇದ್ದ ಕೆಲವರಿಗೆ ವೈದ್ಯರೇ ಮಾತ್ರೆ ನಿಲ್ಲಿಸಿ ನೋಡುವುದುಂಟು. ಹಾಗೆ ನಿಲ್ಲಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರೋಗ ಮತ್ತೆ ಕಾಣಿಸುತ್ತದೆ. ಹೀಗಾಗಿ ಪದೇ ಪದೇ ಪಿಸಿಆರ್ ಮಾಡಿಸುತ್ತಲೇ ನಿಲ್ಲಿಸುತ್ತಾರೆ. ತಾವಾಗಿಯೇ ಬಿಡುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ.

ಹೈದರಾಬಾದಿನಲ್ಲಿ ಪಂಜಾಗುಟ್ಟದ ನಿಮ್ಸ್, ರೆಡ್ ಹಿಲ್ಸ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನಲ್ಲಿ ಕಿದ್ವಾಯಿ ಈ ರೋಗ ನೋಡುವ ಸರಕಾರಿ ಸಂಸ್ಥೆಗಳು. ಆರೋಗ್ಯಶ್ರೀ ತೆಲಂಗಾಣದ ಕಾರ್ಡಿಗೆ ಸೇರಿದ್ದು, ಕರ್ನಾಟಕದ ಯೋಜನೆ ಅಲ್ಲಿನ ಕಾರ್ಡಿಗೆ. ಗಡಿಯ ಆಚೆ ಈಚೆ ಮನೆ ಇರುವವರು ಯಾವ ಕಾರ್ಡು ಯಾರ ಹೆಸರಿನಲ್ಲಿದೆ ಎಂದು ನೋಡಿಕೊಂಡು ಹೊರಡುವುದು ಒಳ್ಳೆಯದು. ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಮಾತ್ರೆ ಮತ್ತು ಪಿಸಿಆರ್ ಎರಡರ ಬಗ್ಗೆಯೂ ಕೇಳಿ. ಹಳೆಯ ಪಿಸಿಆರ್ ರಿಪೋರ್ಟುಗಳನ್ನು ಎಸೆಯದೆ ತಾರೀಖಿನಂತೆ ಜೋಡಿಸಿ ಒಯ್ಯಿರಿ. ಮಾತ್ರೆ ಹಿಡಿದಿದೆಯೋ ಬದಲಿಸಬೇಕೋ ಎಂದು ವೈದ್ಯರು ನಿರ್ಧರಿಸುವುದು ಆ ಅಂಕಿಗಳ ಸಾಲನ್ನು ನೋಡಿಯೇ.