ವಾರದ ಮನೆಯಿಂದ ವಿದ್ಯಾರ್ಥಿನಿಲಯಕ್ಕೆ

1916ರ ಜುಲೈ ತಿಂಗಳಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ, ಅದುವರೆಗೆ ಮದರಾಸಿನ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಸ್ವಂತ ನಾಡಿನ ವಿದ್ಯಾಪೀಠವೊಂದರ ಅಂಗಗಳಾದುವು. ನಾಲ್ವಡಿ ಕೃಷ್ಣರಾಜ ಒಡೆಯರ ಔದಾರ್ಯ, ವಿಶ್ವೇಶ್ವರಯ್ಯನವರ ಛಲ, ಮೊದಲ ವೈಸ್ ಛಾನ್ಸಲರಾದ ಎಚ್. ವಿ. ನಂಜುಂಡಯ್ಯನವರ ಪಾಂಡಿತ್ಯ, ಇವೆಲ್ಲವೂ ಸರ್ವವಿದಿತವೇ. ಆದರೆ ಮಲೆನಾಡಿನ ಮೂಲೆಯಿಂದಲೋ ಬಯಲುಸೀಮೆಯ ಹಳ್ಳಿಯಿಂದಲೋ ಒಂದು ಟ್ರಂಕನ್ನೂ ಸುತ್ತಿದ ಹಾಸಿಗೆಯನ್ನೂ ಹೊತ್ತು ಮೈಸೂರಿನ ರೈಲುನಿಲ್ದಾಣದಲ್ಲಿ ಇಳಿದ ಬಡ ಹುಡುಗನನ್ನು ಎದುರುಗೊಂಡ ಮೊದಲ ಪ್ರಶ್ನೆಯು ಷೇಕ್ಸ್‌ಪಿಯರನಿಗಾಗಲಿ ತರ್ಕಶಾಸ್ತ್ರಕ್ಕಾಗಲಿ ಸಂಬಂಧಿಸಿದುದಲ್ಲ. ಊಟ ಎಲ್ಲಿ ಎಂಬುದೇ ಆ ಪ್ರಶ್ನೆ. ನಮ್ಮ ಉಚ್ಚ ಶಿಕ್ಷಣದ ಚರಿತ್ರೆಯನ್ನು ಬರೆಯುವವರು ಪೀಠಗಳನ್ನೂ ಕಟ್ಟಡಗಳನ್ನೂ ಎಣಿಸುವಂತೆ ಅಡಿಗೆಮನೆಗಳನ್ನೂ ಎಣಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಬ್ರಾಹ್ಮಣ ವಿದ್ಯಾರ್ಥಿಗಳ ಮಟ್ಟಿಗೆ ಆ ಪ್ರಶ್ನೆಗೆ ಹಳೆಯ ಉತ್ತರವೊಂದು ಸಿದ್ಧವಾಗಿದ್ದಿತು, ಅದೇ ವಾರಾನ್ನ. ವೇದಪಾಠಶಾಲೆಗಳ ಕಾಲದಿಂದ ಬಂದ ಈ ಪದ್ಧತಿಯು ಇಂಗ್ಲಿಷ್ ವಿದ್ಯೆಯು ಬಂದ ಮೇಲೆಯೂ ಅಳಿಯದೆ, ವೇದಾಧ್ಯಾಯಿಗೆ ಇಕ್ಕುತ್ತಿದ್ದ ಅನ್ನವನ್ನು ಬಿ.ಎ. ತರಗತಿಯ ಹುಡುಗನಿಗೂ ಇಕ್ಕಿತು. ವಾರಕ್ಕೆ ಏಳು ದಿನ, ಏಳು ಮನೆ. ಪರಿಚಿತರೊಬ್ಬರ ಕಾಗದವನ್ನು ಹಿಡಿದು ಅಗ್ರಹಾರದ ಜಗುಲಿಯಿಂದ ಜಗುಲಿಗೆ ಹೋಗಿ, ಸೋಮವಾರ ಇಲ್ಲಿ, ಮಂಗಳವಾರ ಅಲ್ಲಿ ಎಂದು ವಾರ ಹಿಡಿಯುವುದೇ ಹೊಸಬನ ಮೊದಲ ಕೆಲಸ. ಐದು ಮನೆ ಸಿಕ್ಕಿ ಎರಡು ಸಿಕ್ಕದಿದ್ದರೆ ಆ ಎರಡು ದಿನ ಅವಲಕ್ಕಿಯೋ ಉಪವಾಸವೋ ಗತಿ. ಮನೆಯವರು ಊರಿಗೆ ಹೋದರೂ, ಸೂತಕ ಬಂದರೂ ಆ ದಿನದ ಎಲೆ ತಪ್ಪಿದಂತೆಯೇ.

ಬೆಳಗ್ಗೆ ಕೊಳಾಯಿಯ ತಣ್ಣೀರಿನಲ್ಲಿ ಮಿಂದು, ಮಡಿಯುಟ್ಟು, ಸಂಧ್ಯಾವಂದನೆಯನ್ನು ಮುಗಿಸಿ ವಾರದ ಮನೆಗೆ ಬಂದವನು ಪಂಕ್ತಿಯ ಕೊನೆಯಲ್ಲಿ ಕುಳಿತುಕೊಳ್ಳುವನು. ಸಾರು, ಹುಳಿ, ಮಜ್ಜಿಗೆ ಇಷ್ಟೇ ಆದರೂ, ಬಡಿಸುವ ತಾಯಿಯು "ಇನ್ನೊಂದು ತುತ್ತು ಹಾಕಲೇನಪ್ಪ" ಎಂದರೆ ಹೊಟ್ಟೆಯು ಬೇಕೆನ್ನುವುದು, ನಾಲಗೆಯು ಸಾಕೆನ್ನುವುದು. ಉಂಡ ಎಲೆಯನ್ನು ತಾನೇ ಎತ್ತಿ, ಆ ಸ್ಥಳಕ್ಕೆ ಗೋಮಯ ಹಚ್ಚಿ, ಅನೇಕ ಮನೆಗಳಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದನ್ನೋ ಬಾವಿಯಿಂದ ನೀರು ಸೇದುವುದನ್ನೋ ಮಾಡಿಕೊಟ್ಟು, ಬಳಿಕ ಕೋಟು ತೊಟ್ಟು ಕಾಲೇಜಿನ ಕಡೆಗೆ ಧಾವಿಸುವನು. ಅರ್ಧ ಗಂಟೆಯ ಹಿಂದೆ ನೆಲಕ್ಕೆ ಗೋಮಯ ಹಚ್ಚಿದ ಕೈಯೇ ಈಗ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದುಕೊಳ್ಳಬೇಕು. ಸಂಕೋಚವನ್ನು ನುಂಗಿಕೊಂಡು ಉಣ್ಣುವುದನ್ನೂ, ಅರ್ಧ ಮಾತ್ರ ತಿಳಿಯುವ ಭಾಷೆಯಲ್ಲಿ ಪೂರ್ಣ ಮನಸ್ಸಿನಿಂದ ಕೇಳುವುದನ್ನೂ ಏಕಕಾಲದಲ್ಲಿ ಕಲಿಯಬೇಕಾಗಿದ್ದ ಆ ಮೊದಲ ವರ್ಷದ ಕಷ್ಟವನ್ನು ಯಾವ ಪರೀಕ್ಷೆಯೂ ಅಳೆದದ್ದಿಲ್ಲ.

ಆದರೂ ಕೇಳಲು ಯೋಗ್ಯವಾದ ಮಾತು ಅಲ್ಲಿದ್ದಿತು. 1918ರಿಂದ 1921ರವರೆಗೆ ಮಹಾರಾಜಾ ಕಾಲೇಜಿನಲ್ಲಿ ರಾಧಾಕೃಷ್ಣನ್ನರು ದರ್ಶನಶಾಸ್ತ್ರವನ್ನು ಬೋಧಿಸಿದರು; ಅವರು ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಪುಷ್ಪಾಲಂಕೃತವಾದ ಸಾರೋಟನ್ನು ತಾವೇ ರೈಲುನಿಲ್ದಾಣದವರೆಗೆ ಎಳೆದುಕೊಂಡು ಹೋದುದು ಪ್ರಸಿದ್ಧವಾಗಿದೆ. ಆ ಸಾರೋಟಿಗೆ ಕೈಕೊಟ್ಟವರಲ್ಲಿ ವಾರದ ಮನೆಗಳ ಅನ್ನದಿಂದ ಬೆಳೆದ ಹುಡುಗರೂ ಇದ್ದಿರಲೇಬೇಕು.

ವಾರಾನ್ನವನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ತಮಗೇ ಸಾಲದ ಸಂಸಾರಗಳು ಪರರ ಮಗನಿಗೆ ಒಂದು ಎಲೆಯನ್ನು ಹಾಕಿದುವೆಂಬುದು ಸಾಮಾನ್ಯವಾದ ಸಂಗತಿಯಲ್ಲ. ಆದರೆ ಆ ಎಲೆಯು ಎಲ್ಲರಿಗೂ ಹಾಕಿದ ಎಲೆಯಾಗಿರಲಿಲ್ಲವೆಂಬ ಸತ್ಯವನ್ನು ಈ ಗೌರವವು ಮರೆಯಿಸಬಾರದು. ಒಕ್ಕಲಿಗನ ಮಗನಿಗಾಗಲಿ ಕುರುಬರ ಹುಡುಗನಿಗಾಗಲಿ ಆ ಪಂಕ್ತಿಯಲ್ಲಿ ಸ್ಥಳವಿರಲಿಲ್ಲ. ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರಿಗೆ ಆ ಬೀದಿಯೇ ಮುಚ್ಚಿದ್ದಿತು. 1881ರಲ್ಲಿ ಬಾಲಿಕಾ ಪಾಠಶಾಲೆಯಾಗಿ ಆರಂಭವಾದ ಮಹಾರಾಣಿಯವರ ಸಂಸ್ಥೆಯು ಕಾಲೇಜಾಗಿ ಬೆಳೆದ ಮೇಲೆಯೂ, ಊರಿನಲ್ಲಿ ಬಂಧುಗಳಿಲ್ಲದ ಹೆಣ್ಣುಮಗಳು ಮನೆಯಿಂದ ಮನೆಗೆ ಹೋಗಿ ವಾರ ಹಿಡಿಯುವುದು ಊಹೆಗೂ ಮೀರಿದ ಮಾತಾಗಿದ್ದಿತು. ಹೀಗೆ ಕಾಲೇಜಿನ ಬಾಗಿಲು ಯಾರಿಗೆ ತೆರೆದಿದ್ದಿತೆಂಬುದನ್ನು ಬಹುಮಟ್ಟಿಗೆ ಊರಿನ ಅಡಿಗೆಮನೆಗಳೇ ನಿರ್ಣಯಿಸಿದುವು.

ಈ ಕೊರತೆಯನ್ನು ಮೊದಲು ಅರಿತುಕೊಂಡವರು ಅದನ್ನು ಅನುಭವಿಸಿದವರೇ. 1906ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಒಕ್ಕಲಿಗರ ಸಂಘವೂ ಅನಂತರದ ಇತರ ಸಮಾಜಗಳ ಸಂಘಗಳೂ ವಿದ್ಯಾರ್ಥಿನಿಲಯಗಳನ್ನು ತಮ್ಮ ಪ್ರಧಾನ ಕಾರ್ಯಗಳಲ್ಲಿ ಒಂದನ್ನಾಗಿ ಮಾಡಿಕೊಂಡುವು. 1918ರಲ್ಲಿ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಮಹಾರಾಜರು ನೇಮಿಸಿದ ಸಮಿತಿಯ ತರುವಾಯ ಹಿಂದುಳಿದ ವರ್ಗಗಳ ಶಿಕ್ಷಣವು ರಾಜ್ಯದ ಹೊಣೆಯೆಂಬ ಭಾವನೆಯು ಬಲಗೊಂಡಿತು. ಉತ್ತರದಲ್ಲಿ, 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ತೆರೆಯುವವರೆಗೆ ತರುಣರು ಪುಣೆಗೋ ಮುಂಬಯಿಗೋ ಹೋಗಿ ಪರಭಾಷೆಯ ಊರಿನಲ್ಲಿ ಊಟವನ್ನು ಹುಡುಕಬೇಕಾಗಿದ್ದಿತು. ಕಾಲೇಜು ಬಂದ ಮೇಲೆ ಮುರುಘಾಮಠದ ಪ್ರಸಾದನಿಲಯವು ಅನೇಕರನ್ನು ಸಲಹಿತು. ಮಲೆನಾಡಿನಿಂದ ಮೈಸೂರಿಗೆ ಬಂದ ಕುವೆಂಪು ಅವರಿಗೂ ವಿದ್ಯಾರ್ಥಿದೆಶೆಯಲ್ಲಿ ಮನೆಯಾಗಿ ಒದಗಿದುದು ಯಾವ ಬಂಧುವಿನ ಗೃಹವೂ ಅಲ್ಲ, ರಾಮಕೃಷ್ಣಾಶ್ರಮ.

ಬೆಂಗಳೂರಿನಲ್ಲಿ ವರ್ತಕರಾದ ಗುಬ್ಬಿ ತೋಟದಪ್ಪನವರು ರೈಲುನಿಲ್ದಾಣದ ಬಳಿ ಛತ್ರವನ್ನು ಕಟ್ಟಿಸಿದುದಲ್ಲದೆ ವಿದ್ಯಾರ್ಥಿಗಳಿಗೂ ಆಶ್ರಯವನ್ನು ಕಲ್ಪಿಸಿದರು. 1927ರಲ್ಲಿ ಸೆಂಟ್ರಲ್ ಕಾಲೇಜಿಗೆ ಸೇರಿದ ಮಾಗಡಿ ಸೀಮೆಯ ವೀರಾಪುರದ ತರುಣರೊಬ್ಬರು ಆ ನಿಲಯದಲ್ಲಿದ್ದು ಓದಿದರು. 1930ರಲ್ಲಿ ಅವರು ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸನ್ಯಾಸವನ್ನು ಸ್ವೀಕರಿಸಿ ಶಿವಕುಮಾರ ಸ್ವಾಮಿಗಳಾದರು. ಮಠಕ್ಕೆ ಆಗ ಸಂಪತ್ತೆನ್ನುವಂತಹುದು ಇರಲಿಲ್ಲವಾಗಿ ಜೋಳಿಗೆಯನ್ನು ಹಿಡಿದು ಹಳ್ಳಿಗಳಲ್ಲಿ ಭಿಕ್ಷೆಯೆತ್ತಿ, ರೈತರು ನೀಡಿದ ಧಾನ್ಯದಿಂದ ಮಠದ ಮಕ್ಕಳಿಗೆ ಊಟವಿಕ್ಕಿಸಿದರು. ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸಿ ಬಡಿಸುವ ಆ ದಾಸೋಹವು ಇಂದಿಗೂ ನಡೆಯುತ್ತಿದೆ.