ಬಲ್ಮಠದ ವಿದ್ಯಾಶಾಲೆ: ಸಾಲವೂ ಸಲುವಳಿಯೂ

ಮಂಗಳೂರಿನ ಬಲ್ಮಠದ ಗುಡ್ಡವನ್ನು ನಮ್ಮ ಜಿಲ್ಲೆಯವರಲ್ಲಿ ಕಾಣದವರು ವಿರಳ. ಕ್ರೈಸ್ತ ತರುಣರನ್ನು ಧರ್ಮೋಪದೇಶದ ಕಾರ್ಯಕ್ಕೆ ಅಣಿಗೊಳಿಸುವ ವಿದ್ಯಾಶಾಲೆಯೊಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅಲ್ಲಿ ಬೇರೂರಿತು. 1965ರಲ್ಲಿ ಸ್ಥಾಪಿತವಾದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಅದೇ ಪರಂಪರೆಯ ಉತ್ತರಾಧಿಕಾರಿಯು. ಈ ವಿದ್ಯಾಶಾಲೆಯನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಮಾತುಗಳು ರೂಢಿಯಲ್ಲಿವೆ. ಸಾಹಿತ್ಯಚರಿತ್ರಕಾರರು ಮಿಶನರಿಗಳ ಮುದ್ರಣಾಲಯವನ್ನೂ ಕೋಶವನ್ನೂ ಸ್ಮರಿಸಿ ಕೃತಜ್ಞತೆಯನ್ನು ಸಲ್ಲಿಸುತ್ತಾರೆ. ಮತಾಂತರದಿಂದ ನೊಂದ ಮನೆತನಗಳ ನೆನಪನ್ನು ಹೊತ್ತವರು ಬೇರೊಂದು ಕಥೆಯನ್ನು ಹೇಳುತ್ತಾರೆ. ಈ ಎರಡು ಕಥೆಗಳೂ ಒಂದೇ ಲೆಕ್ಕದ ಪುಸ್ತಕಕ್ಕೆ ಸೇರಿದವು. ಆದುದರಿಂದ ಅವುಗಳನ್ನು ಒಂದೇ ಪುಟದಲ್ಲಿ ಬರೆದಿಡುವುದು ಪ್ರಕೃತ ಲೇಖನದ ಉದ್ದೇಶ.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ ಸಂಘಕ್ಕೆ ಹಿಂದೂಸ್ಥಾನದ ಬಾಗಿಲು ಕೂಡಲೇ ತೆರೆಯಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸನ್ನದು 1833ರಲ್ಲಿ ನವೀಕರಿಸಲ್ಪಟ್ಟಾಗ ಇಂಗ್ಲಿಷರಲ್ಲದ ಮಿಶನರಿಗಳಿಗೂ ಇಲ್ಲಿ ನೆಲಸಲು ಅವಕಾಶವುಂಟಾಯಿತು. ಮರುವರ್ಷ, ಅಂದರೆ 1834ರ ಅಕ್ಟೋಬರ್ 30ರಂದು, ಸಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನ ದಡದಲ್ಲಿಳಿದರು. ಹರ್ಮನ್ ಮೋಗ್ಲಿಂಗರು ಬಂದದ್ದು 1836ರಲ್ಲಿ. ವುರ್ಟೆಂಬರ್ಗ್ ಸೀಮೆಯಲ್ಲಿ 1811ರಲ್ಲಿ ಜನಿಸಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗಮಾಡಿದ ಈ ಪಂಡಿತರಿಗೆ ಆಗ ಇಪ್ಪತ್ತೈದು ವರ್ಷ ವಯಸ್ಸು.

ಪರದೇಶದಿಂದ ಬಂದ ಬೆರಳೆಣಿಕೆಯ ಜನರು ಊರೂರು ಸುತ್ತಿ ಬೋಧಿಸಿದರೆ ಆಗತಕ್ಕ ಕಾರ್ಯವು ಅತ್ಯಲ್ಪವೆಂದೂ, ಈ ನೆಲದಲ್ಲಿ ಹುಟ್ಟಿದ ತರುಣರನ್ನೇ ಶಿಕ್ಷಣಗೊಳಿಸಿದ ಹೊರತು ಸಭೆಯು ಊರ್ಜಿತವಾಗದೆಂದೂ ಮೋಗ್ಲಿಂಗರು ಕಂಡುಕೊಂಡರು. ಹುಡುಗರನ್ನು ವಸತಿಶಾಲೆಯಲ್ಲಿಟ್ಟುಕೊಂಡು ಓದಿಸುವ ಏರ್ಪಾಡು ಹೀಗೆ ಆರಂಭವಾಯಿತು. ಅದರಿಂದಲೇ 1840ರ ದಶಕದಲ್ಲಿ ಉಪದೇಶಿಗಳನ್ನು ಸಿದ್ಧಪಡಿಸುವ ಸೆಮಿನರಿಯು ರೂಪುಗೊಂಡಿತು. ಶಿಷ್ಯನು ಗುರುವಿನ ಬಳಿಯಲ್ಲಿಯೇ ವಾಸಿಸಿ ವಿದ್ಯೆಯೊಡನೆ ಆಚಾರವನ್ನೂ ಕಲಿಯಬೇಕೆಂಬ ನಿಯಮವು ನಮಗೆ ಹೊಸದಲ್ಲ. ಅಂತೇವಾಸಿ ಎಂಬ ಶಬ್ದದ ಅರ್ಥವೇ ಅದು. ಪಾಠಶಾಲೆಯಲ್ಲಿ ಓದಿದ ನನ್ನಂಥವನಿಗೆ ಈ ಸಾದೃಶ್ಯವು ಮೊದಲು ಆಶ್ಚರ್ಯವನ್ನೂ ಆಮೇಲೆ ಆಲೋಚನೆಯನ್ನೂ ಉಂಟುಮಾಡಿತು. ಒಂದು ಭೇದವು ಮಾತ್ರ ಬಹು ದೊಡ್ಡದು. ನಮ್ಮ ವಟುವು ಗುರುಗೃಹದಿಂದ ಸಮಾವರ್ತನವಾಗಿ ತಂದೆಯ ಮನೆಗೇ ಹಿಂದಿರುಗುತ್ತಿದ್ದನು. ಸ್ವಮತವನ್ನು ಬಿಟ್ಟು ಬಲ್ಮಠವನ್ನು ಸೇರಿದವನಿಗೆ ಹಿಂದಿರುಗುವ ಮನೆಯಿರಲಿಲ್ಲ.

ಕಲಿಸಬಂದವರು ಮೊದಲು ತಾವೇ ಕಲಿಯಬೇಕಾಯಿತು. ಉಪದೇಶಿಯಾಗತಕ್ಕವನು ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ನಿಂತು ಮಾತನಾಡಬೇಕು. ಅವನ ಮಾತು ಪರದೇಶದ ವಾಸನೆಯುಳ್ಳ ಕನ್ನಡವಾದರೆ ಕೇಳುವವರು ಯಾರು? ಜನರ ಗಾದೆಗಳು, ಹರಿದಾಸರ ಪದಗಳು, ಭಾರತದ ಕಥೆಗಳು ಇವುಗಳ ಪರಿಚಯವಿಲ್ಲದವನಿಗೆ ಜನರ ಹೃದಯದೊಳಕ್ಕೆ ಪ್ರವೇಶವಿಲ್ಲ. ಈ ಅಗತ್ಯದಿಂದಲೇ ಮೋಗ್ಲಿಂಗರು ಕನ್ನಡದ ವಿದ್ಯಾರ್ಥಿಯಾದರು. ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯವು 1841ರಲ್ಲಿ ಸ್ಥಾಪಿತವಾಗಿದ್ದಿತು. 1843ರ ಜುಲೈ 1ರಂದು ಅವರು ಹೊರಡಿಸಿದ ಮಂಗಳೂರ ಸಮಾಚಾರವು ಕನ್ನಡದ ಮೊದಲನೆಯ ಸಮಾಚಾರಪತ್ರಿಕೆ. ಮುಂದೆ ಕಾಸಮೈಯರ್ ಎಂಬ ಅಧಿಕಾರಿಯ ದ್ರವ್ಯಸಹಾಯದಿಂದ ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಗ್ರಂಥಮಾಲೆಯು 1848ರಿಂದ ಹೊರಬೀಳತೊಡಗಿತು. ಜೈಮಿನಿಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವು ಓಲೆಗರಿಗಳಿಂದ ಕಾಗದಕ್ಕೆ ಬಂದದ್ದು ಈ ಮಾಲೆಯಲ್ಲಿ. ಕ್ರಿಸ್ತನ ಸುವಾರ್ತೆಯನ್ನು ಸಾರಬಂದವರು ವೈಷ್ಣವ ಮತ್ತು ವೀರಶೈವ ಗ್ರಂಥಗಳನ್ನು ಅಚ್ಚುಹಾಕಿಸಿದರೆಂಬುದನ್ನು ವಾಚಕರು ವಿಶೇಷವಾಗಿ ಲಕ್ಷಿಸಬೇಕು. ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ ಮೋಗ್ಲಿಂಗರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತದ್ದು ಅವರ ಕನ್ನಡ ಸೇವೆಗಾಗಿಯೇ.

ಇದು ಸಾಲದ ಭಾಗ. ಇನ್ನು ಸಲುವಳಿಯನ್ನು ನೋಡಬೇಕು. ನಾವು ತೆತ್ತದ್ದೇನೆಂಬುದು 1844ರ ಜನವರಿಯಲ್ಲಿ ಮಂಗಳೂರಿಗೆ ತಿಳಿಯಿತು. ಮಿಶನ್ನಿನ ಆಂಗ್ಲ ಪಾಠಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯನೆಂಬ ಸಾರಸ್ವತ ಬ್ರಾಹ್ಮಣ ತರುಣನು ಸ್ವಜಾತಿಯ ಮತ್ತಿಬ್ಬರೊಡನೆ ದೀಕ್ಷಾಸ್ನಾನವನ್ನು ಪಡೆದನು. ಅವನ ವಯಸ್ಸು ಹತ್ತೊಂಬತ್ತರ ಸುಮಾರು. ತಂದೆಯು ಊರಿನ ಗೌರವಸ್ಥ ವಕೀಲರು. ಪಟ್ಟಣವೆಲ್ಲವೂ ಕ್ಷೋಭೆಗೊಂಡಿತು. ಇಂಗ್ಲಿಷು ಕಲಿತು ಕಚೇರಿಯಲ್ಲಿ ಮುಂದಕ್ಕೆ ಬರಲೆಂದು ಮಕ್ಕಳನ್ನು ಆ ಶಾಲೆಗೆ ಕಳುಹಿಸಿದ್ದ ತಂದೆತಾಯಿಗಳ ಎದೆ ನಡುಗಿದ್ದರಲ್ಲಿ ಆಶ್ಚರ್ಯವೇನು?

ಆ ಕ್ಷೋಭೆಯನ್ನು ಕೇವಲ ಮೌಢ್ಯವೆಂದು ಬರೆದವರುಂಟು. ಅದು ನ್ಯಾಯವಲ್ಲ. ಪತಿತನಾದವನನ್ನು ಬಂಧುಗಳು ತ್ಯಜಿಸುವ ಘಟಸ್ಫೋಟವೆಂಬ ವಿಧಿಯು ನಮ್ಮ ಧರ್ಮಶಾಸ್ತ್ರದಲ್ಲಿದೆ; ಬದುಕಿರುವವನಿಗೆ ಸತ್ತವನಿಗೆಂಬಂತೆ ನೀರು ಬಿಟ್ಟು ಕುಂಭವನ್ನು ಉರುಳಿಸುವುದು ಅದರ ಸ್ವರೂಪ. ಶಾಸ್ತ್ರವನ್ನು ಓದುವಾಗ ಇದೊಂದು ವಿಧಿವಾಕ್ಯ ಮಾತ್ರ. ಮಗನು ಊರಿನಲ್ಲಿಯೇ, ಕಣ್ಣಳತೆಯಲ್ಲಿಯೇ, ಜೀವದಿಂದಿರುವಾಗ ಅವನು ತನ್ನ ಪಾಲಿಗೆ ಇಲ್ಲವೆಂದುಕೊಳ್ಳಬೇಕಾದ ತಾಯಿಗೆ ಅದು ವಿಧಿವಾಕ್ಯವಲ್ಲ. ಸರಕಾರವು 1850ರ ಕಾಯಿದೆಯಿಂದ, ಮತವನ್ನು ಬಿಟ್ಟ ಮಾತ್ರಕ್ಕೆ ಪಿತ್ರಾರ್ಜಿತದ ಹಕ್ಕು ತಪ್ಪಕೂಡದೆಂದು ಗೊತ್ತುಮಾಡಿತು. ಆಸ್ತಿಯ ಪ್ರಶ್ನೆಯು ಹೀಗೆ ತೀರಿತು; ತೀರದ ಪ್ರಶ್ನೆಗಳಿಗೆ ಯಾವ ಕಾಯಿದೆಯೂ ಇರಲಿಲ್ಲ.

ಕೌಂಡಿನ್ಯರ ಮುಂದಿನ ಜೀವಿತವನ್ನು ನೋಡಿದರೆ ಅವರು ಲೌಕಿಕ ಲಾಭವನ್ನು ಬಯಸಿ ಹೋದವರೆಂದು ಹೇಳಲಾಗುವುದಿಲ್ಲ. ಮೋಗ್ಲಿಂಗರು 1846ರಲ್ಲಿ ಅವರನ್ನು ಬಾಸೆಲಿಗೆ ಕರೆದೊಯ್ದರು. ಅಲ್ಲಿ 1851ರವರೆಗೆ ಅಭ್ಯಾಸಮಾಡಿ ದೀಕ್ಷಿತ ಬೋಧಕರಾಗಿ ಹಿಂದಿರುಗಿದರು; ಯೂರೋಪಿನವರೊಡನೆ ಸಮಾನ ಪದವಿಯಲ್ಲಿ ಬಾಸೆಲ್ ಮಿಶನರಿಯಾದ ಮೊದಲ ಭಾರತೀಯರು ಅವರೇ. ಬಂದ ಮೇಲೆ ಮಂಗಳೂರಿನ ಸೆಮಿನರಿಯಲ್ಲಿ ತರುಣರಿಗೆ ಬೋಧಿಸಿದರು. ಮನೆಯನ್ನು ಕಳೆದುಕೊಂಡು ಬಂದ ಹುಡುಗರಿಗೆ, ಅದೇ ದಾರಿಯನ್ನು ನಡೆದುಬಂದವನೊಬ್ಬನು ಗುರುವಾಗಿ ದೊರೆತದ್ದು ಸಣ್ಣ ಸಂಗತಿಯಲ್ಲ. ಕೊಡಗಿನಲ್ಲಿ ಜೀತದಾಳುಗಳಾಗಿದ್ದ ದೀನಜನರಿಗಾಗಿ ಮೋಗ್ಲಿಂಗರು ಕಟ್ಟಿದ ನೆಲೆಗೆ ಆನಂದಪುರವೆಂಬ ಹೆಸರು ಬಂದದ್ದು ಈ ಆನಂದರಾಯರಿಂದಲೇ. ಅವರು 1893ರಲ್ಲಿ ತೀರಿಕೊಂಡರು.

ತರುಣರ ಶಿಕ್ಷಣದೊಡನೆ ಅವರ ಜೀವನೋಪಾಯದ ಚಿಂತೆಯೂ ಮಿಶನ್ನಿಗೆ ಗಂಟುಬಿದ್ದಿತು. ಜಾತಿಯೊಡನೆ ಕುಲವೃತ್ತಿಯನ್ನೂ ಕಳೆದುಕೊಂಡವನು ಉಣ್ಣುವುದೆಲ್ಲಿ? ಮುದ್ರಣಾಲಯ, ನೇಯ್ಗೆಯ ಶಾಲೆ, 1865ರಲ್ಲಿ ಜೆಪ್ಪುವಿನಲ್ಲಿ ಸ್ಥಾಪಿತವಾದ ಹಂಚಿನ ಕಾರ್ಖಾನೆ ಇವೆಲ್ಲವೂ ಈ ಪ್ರಶ್ನೆಗೆ ಕೊಟ್ಟ ಉತ್ತರಗಳು. ನಮ್ಮ ಮನೆಗಳ ಮಾಡುಗಳ ಮೇಲಿನ ಕೆಂಪು ಹಂಚಿನ ಹಿಂದೆಯೂ ಮನೆಬಿಟ್ಟವರ ಕಥೆಯೊಂದಿದೆ.

ಈ ವಿದ್ಯಾಶಾಲೆಯು ಕನ್ನಡಕ್ಕೆ ಸಲ್ಲಿಸಿದ ಬಡ್ಡಿಯು ಇಪ್ಪತ್ತನೆಯ ಶತಮಾನದಲ್ಲಿ ಬಂದಿತು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಇಲ್ಲಿಯ ಸೆಮಿನರಿಯಲ್ಲಿ ಓದಿ ಬೋಧಕವೃತ್ತಿಯನ್ನು ಕೈಕೊಂಡರು. ಹಳ್ಳಿಹಳ್ಳಿಗಳಲ್ಲಿ ಸುವಾರ್ತೆಯನ್ನು ಸಾರುತ್ತ ತಿರುಗಿದ ಈ ಪಾದ್ರಿಗಳು, ಜನರ ನಾಲಗೆಯ ಮೇಲೂ ಹಳೆಯ ಕಟ್ಟುಗಳಲ್ಲಿಯೂ ಚೆದರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಸುಮಾರು 2,000ದಷ್ಟು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಇಂದು ನಮ್ಮ ಮಕ್ಕಳು ಸರ್ವಜ್ಞನನ್ನು ಬಾಯಿಪಾಠ ಹೇಳುವುದಿದ್ದರೆ ಅದರಲ್ಲಿ ಉತ್ತಂಗಿಯವರ ಪಾಲು ದೊಡ್ಡದು. ಬಳಿಕ ಅವರು ಶರಣಸಾಹಿತ್ಯಕ್ಕೆ ಕೈಹಾಕಿ ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥವನ್ನು ಬರೆದರು. 1949ರಲ್ಲಿ ಗುಲಬರ್ಗೆಯ ಸಾಹಿತ್ಯಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ಕ್ರಿಸ್ತನಲ್ಲಿ ಅವರ ನಿಷ್ಠೆಯು ಕೊನೆಯವರೆಗೂ ಕುಂದಲಿಲ್ಲ. ಕನ್ನಡದ ಸಂತರಲ್ಲಿ ಅವರ ಪ್ರೀತಿಯೂ ಕುಂದಲಿಲ್ಲ. ಒಂದನ್ನು ಹಿಡಿಯಲು ಮತ್ತೊಂದನ್ನು ಬಿಡಬೇಕೆಂಬ ನಿರ್ಬಂಧವು 1844ರ ತರುಣನಿಗಿದ್ದಿತು. ಉತ್ತಂಗಿಯವರ ಕಾಲಕ್ಕೆ ಆ ಗಂಟು ಸ್ವಲ್ಪಮಟ್ಟಿಗಾದರೂ ಸಡಿಲಿತ್ತು.

ಹಾಗಾದರೆ ಲೆಕ್ಕವು ಸರಿಹೋಯಿತೇ? ಸರಿಹೋಯಿತೆಂದು ಹೇಳುವ ಧೈರ್ಯ ನನಗಿಲ್ಲ. ಗ್ರಂಥಗಳು ಅಚ್ಚಾದವೆಂಬ ಕಾರಣದಿಂದ ಒಂದು ಮನೆಯ ಕಣ್ಣೀರು ಬತ್ತುವುದಿಲ್ಲ. ಕಣ್ಣೀರು ಬಿದ್ದಿತೆಂಬ ಕಾರಣದಿಂದ ಆ ಗ್ರಂಥಗಳ ಋಣವೂ ಹರಿಯುವುದಿಲ್ಲ. ನಲವತ್ತು ವರ್ಷಗಳ ಕಾಲ ಪರರ ಮಕ್ಕಳಿಗೆ ಪಾಠ ಹೇಳಿದವನಾಗಿ ಒಂದು ಮಾತನ್ನು ಮಾತ್ರ ಹೇಳಬಲ್ಲೆನು. ಯಾವ ಮತದವನೇ ಆಗಲಿ, ತರುಣನೊಬ್ಬನ ಮನಸ್ಸನ್ನು ತಿದ್ದಹೊರಟವನು ಆ ತರುಣನ ಹಿಂದೆ ಒಂದು ಮನೆಯಿದೆಯೆಂಬುದನ್ನು ಮರೆಯಬಾರದು. ಅಂತೆಯೇ ಮನೆಯವರೂ ಆ ತರುಣನಿಗೆ ತನ್ನದೇ ಆದ ಮನಸ್ಸೊಂದಿದೆಯೆಂಬುದನ್ನು ಮರೆಯಬಾರದು. ಈ ಎರಡರಲ್ಲಿ ಒಂದನ್ನು ಮರೆತಾಗ ಏನಾಗುವುದೆಂಬುದಕ್ಕೆ ಬಲ್ಮಠದ ಗುಡ್ಡವು ಸಾಕ್ಷಿಯಾಗಿ ನಿಂತಿದೆ.